ಕೊಸರು

ಮಹಾಲಿಂಗಪುರದ ಬೆಲ್ಲದ ಪೇಟೆಯ ಹಿಂದೆ
ಇರುವೆಗಳೂ ದಾರಿ ಕೇಳದೆ ಬರುವ ಓಣಿಯಲ್ಲಿ
ಮೌನೇಶಪ್ಪ ಕಂಚಗಾರ ತಕ್ಕಡಿ ರಿಪೇರಿ ಮಾಡುತ್ತಿದ್ದ.
ನಾನು ಅವನ ಕುಲುಮೆಗೆ ತಿದಿ ಒತ್ತುವ ಹುಡುಗ,
ಶಾಲೆ ಬಿಟ್ಟಿದ್ದೆ, ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

ಅವನ ಹತ್ತಿರ ಒಂದು ಹಿತ್ತಾಳೆಯ ಕಿಲೋ ಇತ್ತು,
ಕೆಂಪು ಅರಿವೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟದ್ದು.
ಊರಿನ ತೂಕದ ಕಲ್ಲುಗಳೆಲ್ಲ ಅದರೆದುರು ಬಂದು ನಿಲ್ಲಬೇಕು:
ಹಗುರಾದರೆ ಹೊಟ್ಟೆಗೆ ಎರಡು ಹನಿ ಸೀಸ,
ಭಾರವಾದರೆ ಅರದ ನಾಲ್ಕು ಉಜ್ಜು.
"ಬರಿಗೈಲೆ ಮುಟ್ಟಬ್ಯಾಡ, ಬೆವರಿಗೂ ತೂಕ ಐತಿ."
ಅಮಾಸೆಗೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ
ಮುಖ ಕಾಣುವ ಹಾಗೆ ತಾನೇ ತಿಕ್ಕುತ್ತಿದ್ದ.
ಶಿಕ್ಕಾ ಹೊಡೆಯಲು ಬಂದ ಸಾಹೇಬರು
ಹೊಳಪು ನೋಡಿ, ಚಹಾ ಕುಡಿದು, ಹೊಡೆದು ಹೋಗುತ್ತಿದ್ದರು.

ಹನ್ನೆರಡನೆಯ ವರ್ಷ ಬಾಗಲಕೋಟೆಯಿಂದ ಹೊಸ ಕಿಲೋ ಬಂತು.
ಎದುರುಬದುರು ಇಟ್ಟ.
ಮುಳ್ಳು ತುಸು ಯೋಚಿಸಿ
ಹೊಸದರ ಕಡೆಗೆ ವಾಲಿತು.
ಅರ್ಧ ತೊಲೆ.
ತಿಕ್ಕಿದ್ದೆಲ್ಲ ಹುಣಸೆ ನೀರಿನ ಜೊತೆ ಗಟಾರಕ್ಕೆ ಹೋಗಿತ್ತು.

ಆ ರಾತ್ರಿ ಅವನು ಉಣ್ಣಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.
ಎರಡು ರೊಟ್ಟಿ ಉಂಡ, ಪುಂಡಿಪಲ್ಲೆ ಮತ್ತೊಮ್ಮೆ ಹಾಕಿಸಿಕೊಂಡ,
ಕೈ ತೊಳೆಯುತ್ತ ಕೇಳಿದ:
"ತಮ್ಮಾ, ಗೊತ್ತಿಲ್ಲದ ಮಾಡಿದ ಮೋಸಕ್ಕ ಏನಂತಾರ?"
ತಪ್ಪು, ಅಂದೆ.
"ಗೊತ್ತಾದ ಮ್ಯಾಲೆ ಒಂದ್ ರಾತ್ರಿ ಸುಮ್ಮನಿದ್ದರ?"
ನಾನು ಲಾಟೀನು ಸಣ್ಣ ಮಾಡಿದೆ.

ಬೆಳಿಗ್ಗೆ ಹೊಸ ಕಿಲೋ ಹೊತ್ತು ಅಂಗಡಿ ಅಂಗಡಿ ತಿರುಗಿದೆವು.
ಬಹಳ ಮಂದಿ ನಕ್ಕರು.
ಎಲ್ಲರದೂ ಒಂದೇ ಸಮ ಕಡಿಮೆ ಇದ್ದರ
ಕಡಿಮಿ ಅನ್ನಾವ್ರ ಯಾರು, ಅಂದ ಒಬ್ಬ.
ನ್ಯಾಯವಾದ ಪ್ರಶ್ನೆ. ಇವತ್ತಿಗೂ ಉತ್ತರ ನನಗೆ ಹೊಳೆದಿಲ್ಲ,
ರಬಕವಿಯಿಂದ ಸಂತೆಗೆ ಬಂದು, ಮನೆಗೆ ಹೋಗಿ
ಮತ್ತೊಮ್ಮೆ ತೂಗಿ ನೋಡಿದವಳ ಮುಖ ನೆನೆಸುವುದು ಬಿಟ್ಟರೆ.

ಇಡೀ ಪೇಟೆಯಲ್ಲಿ ಸರಿಯಾಗಿ ತೂಗುತ್ತಿದ್ದವರು ಇಬ್ಬರು.
ಒಬ್ಬಳು ಹಸಿಮೆಣಸಿನಕಾಯಿ ಮಾರುವ ಜೈತುನಬಿ.
ತೂಗಿದ ಮೇಲೆ ಎರಡು ಕಾಯಿ ಕೊಸರು ಹಾಕುವಳು,
ಯಾಕೆಂದು ಕೇಳಿದರೆ: "ನಮ್ಮವ್ವ ಹಾಕತಿದ್ಳು."
ಇನ್ನೊಬ್ಬ ಅಡತಿ ರಾಚಪ್ಪ.
ರೈತರ ಬೆಲ್ಲ ಕೊಳ್ಳುವಾಗ, ಧೋತರದ ಅಂಚಿನಡಿಯಲ್ಲಿ,
ಅವನ ಕಾಲಿನ ಹೆಬ್ಬೆರಳು ಕಲ್ಲಿನ ತಟ್ಟೆಯ ಮೇಲಿರುತ್ತಿತ್ತು.
ಕಲ್ಲಿನ ಕೊರತೆಯನ್ನು ಆ ಕಳವು
ಕೂದಲೆಳೆ ತಪ್ಪದೆ ತುಂಬಿತ್ತು.

ತಕ್ಕಡಿ ಇಬ್ಬರಿಗೂ ಒಂದೇ ಸಾಕ್ಷಿ ನುಡಿಯಿತು.

ನನಗೆ ಸಿಟ್ಟು ಬಂತು. ಹಾಗಾದರೆ ಅವಳೂ ಅವನೂ ಒಂದೇನು?
ಮೌನೇಶಪ್ಪ ಸೀಸ ಕರಗಿಸುತ್ತಿದ್ದ, ತಲೆ ಎತ್ತಲಿಲ್ಲ.
"ತಕ್ಕಡಿ ಬೆಲ್ಲ ತೂಗತೈತಿ. ಬೆರಳು ತೂಗಾಕ ಅದಕ್ಕ ಬರೂದಿಲ್ಲ.
ಮುಂದಿನ ಸಂತಿ ತನಕ ತಡಿ."

ಮುಂದಿನ ಸಂತೆಗೆ ಊರಿನ ಕಲ್ಲುಗಳೆಲ್ಲ ನೆಟ್ಟಗಾಗಿದ್ದವು.
ಹೆಬ್ಬೆರಳು ತನ್ನ ಜಾಗಕ್ಕೆ ತಾನು ಹೋಯಿತು.
ಎರಡು ಕಾಯಿಯೂ ತಮ್ಮ ಪಾಡಿಗೆ ಚೀಲಕ್ಕೆ ಬಿದ್ದವು.
ಅರಿವು ಬಂದು ತಿದ್ದಿದ್ದು ಕಬ್ಬಿಣವನ್ನು ಮಾತ್ರ.

ಈಗ ತೇರದಾಳದಲ್ಲಿ ನನ್ನದೇ ಕಿರಾಣಿ ಅಂಗಡಿ.
ಕೆಂಪು ಅಂಕಿಯ ಕಾಟಾ, ಮುಳ್ಳಿಲ್ಲ, ನಡುಕವಿಲ್ಲ.
ನಡುಗದ ಮುಳ್ಳು ಎಲ್ಲೋ ಸಿಕ್ಕಿಕೊಂಡಿರತೈತಿ
ಅನ್ನುತ್ತಿದ್ದ ಅವನು. ನಾನು ಅಂಕಿ ನೋಡುತ್ತೇನೆ,
ಆಮೇಲೆ ಒಂದು ಚೂರು ಬೆಲ್ಲ ಮೇಲೆ ಹಾಕುತ್ತೇನೆ.
ಗಿರಾಕಿ ಮತ್ತೆ ನಮ್ಮಲ್ಲಿಗೇ ಬರುತ್ತಾರೆ.
ಅದು ನನಗೆ ಗೊತ್ತು. ಗೊತ್ತಿರುವುದೇ ತೊಡಕು:
ಹಾಕುತ್ತಿರುವುದು ಜೈತುನಬಿಯ ಕೈಯೋ,
ಮೇಲಕ್ಕೆ ಬಂದು ಕೂತ ಹೆಬ್ಬೆರಳೋ.

ಆ ಹಿತ್ತಾಳೆಯ ಕಿಲೋ ನನ್ನ ಗಲ್ಲೆಯ ಮೇಲಿದೆ,
ಗಾಳಿಗೆ ಹಾರುವ ಉದ್ರಿ ಚೀಟಿಗಳ ಮೇಲೆ.
ಹಸಿರು ಕಿಲುಬು ಹಿಡಿದಿದೆ.
ತಿಕ್ಕಲು ಹೋಗಿಲ್ಲ.